ಹಗ್ಗ ಯಾರೂ ಮುಟ್ಟಿಲ್ಲ

ಸಾರಕ್ಕಿ
20 ಜುಲೈ 2025

ಅಮ್ಮಾ,

ನೀನು ಹೋಗಿ ಹನ್ನೊಂದು ದಿನವಾಯಿತು. ಅಪ್ಪ ಒಂಬತ್ತು ಅನ್ನುತ್ತಾರೆ. ಲೆಕ್ಕ ಇಡುವವರು ಯಾರು ಅಂತ ಇದರಲ್ಲೇ ಗೊತ್ತಾಗುತ್ತದೆ.

ಕಾಗದ ಬರೆಯುತ್ತೇನೆ ಎಂದರೆ ನನ್ನ ಕ್ಲಾಸಿನವರು ನಗುತ್ತಾರೆ. ನಗಲಿ. ನಿನ್ನ ಆ ಊರಿನಲ್ಲಿ ಸಿಗ್ನಲ್ ಇಲ್ಲ. ಭಾನುವಾರ ಭಾನುವಾರ ನೀನು ದೇವದುರ್ಗಕ್ಕೆ ಬಂದು ಫೋನ್ ಮಾಡುತ್ತೀಯ. ನೀನು "ಊಟ ಆಯ್ತಾ" ಅನ್ನುತ್ತೀಯ, ನಾನು "ಹೂಂ" ಅನ್ನುತ್ತೇನೆ. ಅಷ್ಟರಲ್ಲಿ ಅಜ್ಜಿ ಫೋನು ಕಿತ್ತುಕೊಂಡು, "ಅಲ್ಲಿ ನೀರು ಹೆಂಗವ್ವ? ರೊಟ್ಟಿ ತಿಂದು ಹೊಟ್ಟೆ ಕೆಡ್ತಾ?" ಎಂದು ಶುರು ಮಾಡುತ್ತಾಳೆ. ರಾಯಚೂರು ಸೀಮೆಯಲ್ಲೇ ಹುಟ್ಟಿದವಳಿಗೆ ರೊಟ್ಟಿ ತಿಂದು ಹೊಟ್ಟೆ ಕೆಡುತ್ತದಾ ಎಂದು ಕೇಳುವುದು ಅಜ್ಜಿಯೊಬ್ಬಳೇ. ಅಪ್ಪ ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿರುತ್ತಾರೆ. ಅವರೆಲ್ಲರ ಮುಂದೆ ನಾನು ಏನು ಹೇಳಲಿ?

ಹಾಕಿ ಲೀಗಿನವರು ದೂರದ ಊರುಗಳಲ್ಲಿ ಹೊಸದಾಗಿ ಮೂರು ವಲಯ ಮಾಡಿ, ಅದರಲ್ಲಿ ಒಂದಕ್ಕೆ ನಿನ್ನನ್ನೇ ಕೋಚ್ ಮಾಡಿದ್ದು ನಮ್ಮ ಸ್ಕೂಲಿನಲ್ಲಿ ದೊಡ್ಡ ಸುದ್ದಿ. ನಮ್ಮ ಪಿ.ಟಿ. ಮೇಡಂ ಶಾಲಿನಿ ಅಸೆಂಬ್ಲಿಯಲ್ಲಿ ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆರು ತಿಂಗಳು ಅಂದಿದ್ದೀಯ. ಜನವರಿಯಲ್ಲಿ ಪಂದ್ಯಗಳು ಮುಗಿದ ಮೇಲೆ ಮನೆಗೆ. ನೆನಪಿರಲಿ.

ನೀನು ಕೇಳಿದ ಗಂಟಿನ ಹಗ್ಗವನ್ನು ಲೀಗಿನ ಪಾರ್ಸಲ್ ಜೊತೆ ಕಳಿಸಿದ್ದೇನೆ. ಪ್ಯಾಡುಗಳ ಕೆಳಗೆ ನೋಡು.

ಇತಿ ನಿನ್ನ (ಇನ್ನೂ ನೆನಪಿದ್ದರೆ)
ಸಮನ್ವಿತಾ


ಕರಿಗುಡ್ಡದೊಡ್ಡಿ
10 ಆಗಸ್ಟ್ 2025

ನನ್ನ ಸಮ್ಮು,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೂರು ಸಲವೂ ಬೈಸಿಕೊಂಡೆ. ಆದರೂ ಖುಷಿಯಾಯಿತು.

ಹಗ್ಗ ಬಂತು. ಹೆಡ್‌ಮಾಸ್ಟರ್ ಚನ್ನಬಸವಯ್ಯನವರು ಶಾಲೆಯ ಹಿಂದಿನ ಬಯಲನ್ನು ನಮಗೆ ಬಿಟ್ಟುಕೊಟ್ಟಿದ್ದಾರೆ. ಹುಡುಗಿಯರೆಲ್ಲ ಸೇರಿ ಕಲ್ಲು ಆರಿಸಿದರು, ಜಾಲಿ ಕಿತ್ತರು. ಆಮೇಲೆ ಹಗ್ಗದ ಒಂದು ತುದಿಯನ್ನು ಗೋಲಿನ ಕಂಬಕ್ಕೆ ಕಟ್ಟಿ, ದೊಡ್ಡ ಗಂಟನ್ನು ಹಿಡಿದು ಬಿಗಿಯಾಗಿ ಎಳೆದುಕೊಂಡು ಸುತ್ತ ಬಂದು ಸುಣ್ಣದಲ್ಲಿ ಅರ್ಧವೃತ್ತದ ಡಿ ಗೆರೆ ಎಳೆದೆವು. ನಾನು ಆಡುವ ಕಾಲದಲ್ಲಿ ಗ್ರೌಂಡ್ ನೋಡಿಕೊಳ್ಳುತ್ತಿದ್ದ ಚಲುವರಾಜು ನನಗೆಂದೇ ಅಳೆದು ಗಂಟು ಹಾಕಿಕೊಟ್ಟ ಹಗ್ಗ ಅದು. ಅದಿದ್ದರೆ ಟೇಪು ಬೇಡ, ಪುಸ್ತಕ ಬೇಡ.

"ಈ ಗೆರಿ ಯಾಕ್ರೀ ಮೇಡಂ?" ಎಂದು ಶಿವವ್ವ ಕೇಳಿದಳು. ಈ ಗೆರೆಯ ಒಳಗಿಂದ ಹೊಡೆದರೆ ಮಾತ್ರ ಗೋಲು, ಹೊರಗಿಂದ ಹೊಡೆದದ್ದು ಬಲೆಗೆ ಬಿದ್ದರೂ ಗೋಲಲ್ಲ ಎಂದೆ. "ಅಷ್ಟ ದೂರದಿಂದ ಹೊಡದ್ರ ಜಾಸ್ತಿ ಮಾರ್ಕ್ಸ್ ಕೊಡಬೇಕಲ್ರೀ?" ಅಂದಳು. ಹದಿಮೂರು ವರ್ಷ. ಸ್ಟಿಕ್ ಹಿಡಿದು ಹದಿನೈದು ದಿನವಾಗಿಲ್ಲ, ಆಗಲೇ ಚೆಂಡಿಗೆ ಸಿಡಿಲಿನ ಏಟು ಕೊಡುತ್ತಾಳೆ. ಶಿವವ್ವನಿಗೆ ಶೂ ಹಾಕಿದರೆ ಓಡಲು ಬರುವುದಿಲ್ಲ, ಬಿಚ್ಚಿದರೆ ಯಾರೂ ಹಿಡಿಯಲಾರರು. ಶಿವವ್ವನ ತಾಯಿ ದಿನಾ ಬಂದು ಬೇಲಿಯ ಹತ್ತಿರ ಕೂರುತ್ತಾಳೆ.

ಬೆಳಿಗ್ಗೆ ಹದಿನಾರು ಹುಡುಗಿಯರಿಗೂ ಜಡೆ ಬಿಗಿಯಾಗಿದೆಯಾ ಎಂದು ನೋಡುತ್ತೇನೆ. ಅವರ ಜಡೆ ಮುಟ್ಟಿದಾಗೆಲ್ಲ ನಿನ್ನ ಜಡೆ ಯಾರು ಹಾಕುತ್ತಾರೋ ಎಂದು ಯೋಚಿಸುತ್ತೇನೆ.

ನಿನ್ನ
ಅಮ್ಮ


ಸಾರಕ್ಕಿ
14 ಸೆಪ್ಟೆಂಬರ್ 2025

ಅಮ್ಮಾ,

ಜಡೆ ಯಾರೂ ಹಾಕುವುದಿಲ್ಲ. ಭುಜದವರೆಗೆ ಕತ್ತರಿಸಿಕೊಂಡೆ. ಅಜ್ಜಿ ಕತ್ತರಿ ಬಚ್ಚಿಟ್ಟಿದ್ದಾಳೆ.

ನಿನ್ನ ಕಾಗದದಲ್ಲಿ ಶಿವವ್ವನ ಹೆಸರು ಮೂರು ಸಲ ಬಂದಿದೆ. ನನ್ನದು ಒಂದು ಸಲ, ಅದೂ ಮೊದಲ ಸಾಲಿನಲ್ಲಿ, ಕಾಗದ ಯಾರಿಗೆ ಎಂದು ತಿಳಿಯಲು. ನಾನೇನು ಹೊಟ್ಟೆಕಿಚ್ಚು ಪಡುತ್ತಿಲ್ಲ. ಸುಮ್ಮನೆ ಎಣಿಸಿದೆ.

ವಿಷಯ ಏನೆಂದರೆ ಬೆಂಗಳೂರು ದಕ್ಷಿಣ ವಲಯಕ್ಕೆ ನಾನೇ ಗೋಲ್‌ಕೀಪರ್! ಜಯನಗರದ ಗ್ರೌಂಡಿನಲ್ಲಿ ಆಯ್ಕೆ ನಡೆಯಿತು. ಬಿಟಿಎಂ, ಅರೆಕೆರೆ, ಚಿಕ್ಕಲಸಂದ್ರದಿಂದೆಲ್ಲ ಬಂದಿದ್ದರು. ಏಳು ಜನ ಕೀಪರ್‌ಗಳಲ್ಲಿ ನಾನೊಬ್ಬಳೇ ಉಳಿದೆ. ಎಲ್ಲರ ಅಮ್ಮಂದಿರೂ ನೀರಿನ ಬಾಟಲಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ಅಪ್ಪ ಟೈಲ್ಸ್ ಅಂಗಡಿಗೆ ಬೀಗ ಹಾಕಿ ಬಂದಿದ್ದರು, ಪಾಪ. ಆದರೆ ನಾನು ಚೆಂಡು ತಡೆದಾಗ ಚಪ್ಪಾಳೆ ಹೊಡೆಯಬೇಕೋ ಎದುರು ತಂಡದವಳು ಹೊಡೆದಾಗ ಹೊಡೆಯಬೇಕೋ ಗೊತ್ತಾಗದೆ ಎರಡಕ್ಕೂ ಹೊಡೆದರು.

ನೀನು ಕಲಿಸಿದ್ದನ್ನೇ ಮಾಡಿದೆ. ಚೆಂಡು ನೋಡುವ ಮೊದಲು ಹೊಡೆಯುವವಳ ಕಾಲು ನೋಡು, ಗೆರೆಯ ಹೊರಗಿದ್ದರೆ ಚೆಂಡು ಮುಟ್ಟಲೇಬೇಡ, ಬಿಟ್ಟುಬಿಡು ಎಂದು ಹೇಳುತ್ತಿದ್ದೆಯಲ್ಲ. ಹಾಗೆ ಎರಡು ಚೆಂಡು ಬಿಟ್ಟೆ. ಶಾಲಿನಿ ಮೇಡಂ "ಸಖತ್ ಧೈರ್ಯ ಕಣೇ ನಿಂಗೆ" ಅಂದರು. ಆಗ ನೀನು ಅಲ್ಲಿರಬೇಕಿತ್ತು.

ಇನ್ನೊಂದು ವಿಷಯ ಮೇಡಂ ಹೇಳಿದರು. ಹೊಸ ವಲಯ ಒಂದಾದರೂ ಪಂದ್ಯ ಗೆದ್ದರೆ ಮುಂದಿನ ವರ್ಷಕ್ಕೂ ಇರುತ್ತದಂತೆ, ಗೆಲ್ಲದಿದ್ದರೆ ಮುಚ್ಚುತ್ತಾರಂತೆ. ಗೆದ್ದರೆ ಅಲ್ಲಿಗೆ ಬೇರೆ ಕೋಚ್ ಬರುತ್ತಾರೆ ಅಲ್ಲವಾ? ನೀನಂತೂ ಬರುತ್ತೀಯ ಅಲ್ಲವಾ? ನೇರವಾಗಿ ಹೇಳು.

ಸಮನ್ವಿತಾ


ಕರಿಗುಡ್ಡದೊಡ್ಡಿ
12 ಅಕ್ಟೋಬರ್ 2025

ಸಮ್ಮು, ಸಮ್ಮು, ಸಮ್ಮು, ಸಮ್ಮು,

ಈಗ ಲೆಕ್ಕ ಸರಿಹೋಯಿತಾ?

ನೀನು ಆಯ್ಕೆಯಾದದ್ದು ಓದಿ ಇಲ್ಲಿ ಎಲ್ಲರಿಗೂ ಹೇಳಿದೆ. "ಮೇಡಂ ಮಗಳು ಕೀಪರ್ ಅಂತ" ಎಂದು ಊರೆಲ್ಲ ಸುದ್ದಿ. ಮೆಟ್ಟಿಲ ಮೇಲೆ ನಾನಿರಲಿಲ್ಲ ಎಂಬ ಸಾಲನ್ನು ಮಾತ್ರ ಯಾರಿಗೂ ಓದಿ ಹೇಳಲಿಲ್ಲ.

ನೇರವಾಗಿ ಕೇಳಿದ್ದೀಯ. ನೇರವಾಗಿಯೇ ಹೇಳುತ್ತೇನೆ. ಇಲ್ಲಿಗೆ ಬರಲು ಬೇರೆ ಯಾರೂ ಒಪ್ಪುತ್ತಿಲ್ಲ. ಇಬ್ಬರನ್ನು ಕೇಳಿದ್ದಾರೆ, ಇಬ್ಬರೂ ಬಸ್ಸು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿ ಸುಮ್ಮನಾದರು. ನಾವು ಗೆದ್ದರೆ ಇನ್ನೊಂದು ವರ್ಷ ನಾನೇ ಇರಬೇಕಾಗುತ್ತದೆ. ಅಪ್ಪನಿಗೆ ಹೇಳಿದ್ದೇನೆ. ನಿನಗೆ ಹೇಳಲು ಧೈರ್ಯ ಸಾಲದೆ ತಡ ಮಾಡಿದೆ.

ಈ ಮಕ್ಕಳಿಗೆ ಹತ್ತಿ ಬಿಡಿಸುವ ಕಾಲ ಬಂತು. ಕತ್ತಲು ಹರಿಯುವ ಮೊದಲೇ ಬಂದು ಒಂದು ಗಂಟೆ ಆಡಿ ಹೊಲಕ್ಕೆ ಹೋಗುತ್ತಾರೆ. ಬೆರಳೆಲ್ಲ ಹತ್ತಿಕಾಯಿ ಗೀರಿ ಉರಿಯುತ್ತಿದ್ದರೂ ಸ್ಟಿಕ್ ಬಿಡುವುದಿಲ್ಲ. ಹದಿನಾರನೇ ವಯಸ್ಸಿಗೆ ನಾನು ಇಂಥದೇ ಊರಿನಿಂದ ಟ್ರಂಕು ಹಿಡಿದು ಬೆಂಗಳೂರಿನ ಹಾಸ್ಟೆಲ್ಲಿಗೆ ಬಂದೆ. ಯಾರೋ ಒಬ್ಬರು ನಮ್ಮೂರಿಗೆ ಬಂದು ಆಡಿಸಿದ್ದರಿಂದ ಬಂದೆ. ಅದನ್ನು ಮರೆಯಲು ಆಗುತ್ತಿಲ್ಲ ಮಗಳೇ. ನಿನ್ನನ್ನು ಬಿಟ್ಟಿರಲೂ ಆಗುತ್ತಿಲ್ಲ. ಎರಡೂ ನಿಜ.

ದೀಪಾವಳಿಗೆ ಬರಲಾರೆ.

ಒಂದು ಅನುಮಾನ. ಈ ಡಿ ನನ್ನ ಕಾಲಿಗೆ ದೊಡ್ಡದು ಅನ್ನಿಸುತ್ತಿದೆ. ಹಗ್ಗದ ನಡುವೆ ನಾನು ಹಿಂದೆ ನೋಡಿರದ ಗಂಟೊಂದಿದೆ. ಯಾರಾದರೂ ಹಗ್ಗ ಮುಟ್ಟಿದ್ದರಾ, ತುಂಡಾಗಿ ಜೋಡಿಸಿದ್ದಾರಾ? ಅಜ್ಜಿಯನ್ನೂ ಕೇಳಿ ಬರೆ.

ನಿನ್ನ
ಅಮ್ಮ


ಸಾರಕ್ಕಿ
26 ಅಕ್ಟೋಬರ್ 2025

ಅಮ್ಮಾ,

ಕಾಗದ ತಲುಪಿತು.

ಹಗ್ಗ ಯಾರೂ ಮುಟ್ಟಿಲ್ಲ. ಸ್ಟೋರ್ ರೂಮಿನಲ್ಲೇ ಇತ್ತು. ಆ ಗಂಟು ಮೊದಲಿಂದಲೂ ಇತ್ತು, ನೀನೇ ಮರೆತಿದ್ದೀಯ.

ದೀಪಾವಳಿ ಚೆನ್ನಾಗಾಯಿತು. ಓದುವುದಿದೆ.

ಸಮನ್ವಿತಾ


ಕರಿಗುಡ್ಡದೊಡ್ಡಿ
30 ನವೆಂಬರ್ 2025

ಸಮ್ಮು,

ಎರಡು ಕಾಗದ ಬರೆದೆ, ನೀನು ಉತ್ತರಿಸಲಿಲ್ಲ. ಫೋನಿಗೂ ಸಿಗುವುದಿಲ್ಲ. ಟ್ಯೂಷನ್ ಎಂದು ಅಪ್ಪ ಹೇಳುತ್ತಾರೆ. ಭಾನುವಾರ ಬೆಳಿಗ್ಗೆ ಎಂಥ ಟ್ಯೂಷನ್? ಇರಲಿ. ಸಿಟ್ಟು ಇಳಿದಾಗ ಬರೆ.

ಹಗ್ಗದ ವಿಷಯ ತಿಳಿದು ನಿಶ್ಚಿಂತೆಯಾಯಿತು. ನನ್ನ ಕಾಲಿಗೇ ವಯಸ್ಸಾಗಿದೆ. ಈ ಬಯಲಿನಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ಗೆರೆ ಸರಿಯಿದೆ ಎಂದಮೇಲೆ ಆಟವನ್ನೆಲ್ಲ ಅದರ ಮೇಲೆಯೇ ಕಟ್ಟಿದೆ. ನಮ್ಮವರು ಗಿಡ್ಡ ಮಕ್ಕಳು, ಗೋಲಿನ ಹತ್ತಿರ ಹೋದರೆ ಪಟ್ಟಣದ ಹುಡುಗಿಯರು ಮುತ್ತಿಗೆ ಹಾಕುತ್ತಾರೆ. ಅದಕ್ಕೇ ಗೆರೆ ದಾಟಿದ ತಕ್ಷಣ ಹೊಡೆಯಿರಿ, ಇನ್ನೊಂದು ಹೆಜ್ಜೆ ಇಡಬೇಡಿ ಎಂದು ದಿನಕ್ಕೆ ನೂರು ಸಲ ಹೇಳಿ ಹೇಳಿ ಆಡಿಸುತ್ತಿದ್ದೇನೆ. ಈಗ ಅವರ ಕಾಲಿಗೇ ಗೆರೆ ಗೊತ್ತು. ಮೊನ್ನೆ ಶಿವವ್ವ ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡು ಓಡಿಬಂದು ಸರಿಯಾಗಿ ಅಲ್ಲೇ ನಿಂತು ಹೊಡೆದಳು!

ಜನವರಿ ಐದಕ್ಕೆ ಬೆಂಗಳೂರಿನಲ್ಲಿ ಪಂದ್ಯ ಶುರು. ಇವರಲ್ಲಿ ಹದಿಮೂರು ಮಂದಿ ರೈಲನ್ನೇ ಹತ್ತಿಲ್ಲ. ಒಂದು ಪಂದ್ಯ ಗೆಲ್ಲುತ್ತೇವೆ, ನೋಡುತ್ತಿರು.

ನಿನ್ನನ್ನು ನೋಡಿ ಐದು ತಿಂಗಳಾಗುತ್ತ ಬಂತು.

ನಿನ್ನ
ಅಮ್ಮ


ಸಾರಕ್ಕಿ
24 ಡಿಸೆಂಬರ್ 2025

ಅಮ್ಮಾ,

ಇದನ್ನು ಓದುವ ಮೊದಲು ಕೂತುಕೋ.

ನಾನು ಸುಳ್ಳು ಹೇಳಿದೆ. ಹಗ್ಗ ಸ್ಟೋರ್ ರೂಮಿನಲ್ಲಿ ಇರಲಿಲ್ಲ. ಎರಡು ವರ್ಷದಿಂದ ತಾರಸಿಯ ಮೇಲೆ ಅಜ್ಜಿ ಬಟ್ಟೆ ಒಣಹಾಕುವ ಹಗ್ಗವಾಗಿತ್ತು, ನೀನು ಮೇಲೆ ಹತ್ತುವುದೇ ಇಲ್ಲವಾದ್ದರಿಂದ ನಿನಗೆ ಗೊತ್ತಾಗಲಿಲ್ಲ. ಮೇಲಿನ ಮನೆಯ ಬಾಡಿಗೆಯವರ ಕಂಬಳಿ ಭಾರಕ್ಕೆ ಒಂದು ದಿನ ತುಂಡಾಯಿತು. ಅಜ್ಜಿ ಅಂಥದೇ ನೀಲಿ ಹಗ್ಗದ ಒಂದು ತುಂಡು ತಂದು ನಡುವೆ ಸೇರಿಸಿದಳು. ಅಜ್ಜಿಯ ಕೈಯಲ್ಲಿ ಬಿಗಿಯಾಗಲಿಲ್ಲ ಎಂದು ಗಂಟು ಎಳೆದು ಬಿಗಿ ಮಾಡಿದವಳು ನಾನೇ. ಜುಲೈನಲ್ಲಿ ಕಳಿಸುವಾಗ ಇದು ನೆನಪೇ ಆಗಲಿಲ್ಲ, ದೇವರಾಣೆ. ಆದರೆ ನೀನು ಕೇಳಿದಾಗ ನೆನಪಿತ್ತು. ಚೆನ್ನಾಗಿ ನೆನಪಿತ್ತು. ನಿಮ್ಮ ಡಿ ಎರಡು ಹೆಜ್ಜೆ ದೊಡ್ಡದಾಗಿದೆ. ನಿನ್ನ ಹುಡುಗಿಯರು ಹೊಡೆಯುವುದೆಲ್ಲ ಗೆರೆಯ ಹೊರಗಿಂದ. ಇಲ್ಲಿ ಒಂದೂ ಗೋಲಾಗುವುದಿಲ್ಲ.

ಯಾಕೆ ಹೇಳಲಿಲ್ಲ ಎಂದು ನಿನಗೆ ಗೊತ್ತು. ಗೋಲಾಗದಿದ್ದರೆ ಗೆಲ್ಲುವುದಿಲ್ಲ, ಗೆಲ್ಲದಿದ್ದರೆ ವಲಯ ಮುಚ್ಚುತ್ತಾರೆ, ಮುಚ್ಚಿದರೆ ನೀನು ಮನೆಗೆ ಬರುತ್ತೀಯ. ಅಷ್ಟೇ ಬೇಕಾಗಿತ್ತು ನನಗೆ. ಆಮೇಲೆ ಶಿವವ್ವ ಕಣ್ಣು ಕಟ್ಟಿಕೊಂಡು ಹೊಡೆದದ್ದನ್ನು ಬರೆದೆಯಲ್ಲ, ಅವತ್ತಿನಿಂದ ಅನ್ನ ಸೇರುತ್ತಿಲ್ಲ. ಫೋನಿನಲ್ಲಿ ಅಜ್ಜಿಯ ಎದುರು ಹೇಳಲು ಬಾಯಿ ಬರಲಿಲ್ಲ. ಗೊತ್ತಾದರೆ ಅಜ್ಜಿ ತನ್ನದೇ ತಪ್ಪು ಎಂದು ಅಳುತ್ತಾಳೆ.

ಇನ್ನೂ ಹನ್ನೆರಡು ದಿನವಿದೆ. ಗೆರೆ ಅಳಿಸಿ ಹೊಸದಾಗಿ ಎಳೆ ಅಮ್ಮಾ. ಕ್ಷಮಿಸುತ್ತೀಯ ಎಂದಾದರೆ ಪಂದ್ಯದ ಮೊದಲ ದಿನ ನನ್ನ ಹತ್ತಿರ ಬಂದು ಒಂದು ಮಾತಾಡು. ಬೈದರೂ ಪರವಾಗಿಲ್ಲ.

ನಿನ್ನ
ಸಮ್ಮು


ಸಾರಕ್ಕಿ
11 ಜನವರಿ 2026

ಅಮ್ಮನಿಗೆ,

ನೀನು ಬರಲಿಲ್ಲ.

ಮೊದಲ ದಿನ ಮಾರ್ಚ್‌ಪಾಸ್ಟಿನಲ್ಲಿ ನೀನು ದೂರದಿಂದ ಕೈ ಬೀಸಿದೆ. ಅಷ್ಟಕ್ಕೇ ನೀನು ಹತ್ತಿರ ಬರುತ್ತೀಯ ಎಂದು ನಾನು ಕಾದು ನಿಂತೆ. ಆಮೇಲೆ ನಿಮ್ಮ ಪಂದ್ಯ ನೋಡಿದೆ. ಮೂರು ಸಲ ಬಲೆ ಅಲುಗಾಡಿತು, ಮೂರು ಸಲವೂ ಅಂಪೈರ್ ಕೈ ಅಡ್ಡ ಆಡಿಸಿದರು. ಆ ಹುಡುಗಿಯರು ಕುಣಿಯುತ್ತಾ ಓಡಿಬಂದು, ಗೋಲಲ್ಲ ಎಂದು ತಿಳಿದು ನಿನ್ನ ಮುಖ ನೋಡುತ್ತಿದ್ದರು. ನನ್ನ ಕಾಗದ ಓದಿಯೂ ಯಾಕೆ ಗೆರೆ ಬದಲಿಸಲಿಲ್ಲ ಎಂದು ನನಗೆ ಅರ್ಥವಾಗಲಿಲ್ಲ. ಮರುದಿನದಿಂದ ನೀನು ನನ್ನ ಕಡೆ ತಿರುಗಲೇ ಇಲ್ಲ. ಅಜ್ಜಿ ಅವರೆಕಾಳು ಸಾರು ಹೊತ್ತು ನಿಮ್ಮ ಡಾರ್ಮಿಟರಿಗೆ ಬಂದಳು. ನೀನು ಅವಳನ್ನು ಮಾತಾಡಿಸಿದೆ, ಏನೆಂದು ನನಗೆ ಕೇಳಿಸಲಿಲ್ಲ. ಹಿಂದೆ ಗೇಟಿನ ಹತ್ತಿರ ನಿಂತಿದ್ದ ನನ್ನನ್ನು ನೋಡಿ ಒಳಗೆ ಹೋದೆ.

ಕೊನೆಯ ಪಂದ್ಯ ನಮ್ಮ ಮೇಲೆಯೇ ಬೀಳಬೇಕಾ? ಅಷ್ಟು ಹೊತ್ತಿಗೆ ನೀವು ಎಲ್ಲ ಸೋತಿದ್ದಿರಿ. ನಮ್ಮೆದುರು ಸೋತರೆ ನೀನು ಮನೆಗೆ. ಗೋಲಿನಲ್ಲಿ ನಿಂತು ಅದೊಂದನ್ನೇ ಜಪ ಮಾಡುತ್ತಿದ್ದೆ. ಮುಗಿಯಲು ನಾಲ್ಕು ನಿಮಿಷ ಇದ್ದಾಗ ಶಿವವ್ವ ಚೆಂಡು ತಂದಳು. ಅವಳು ಎಲ್ಲಿಂದ ಹೊಡೆಯುತ್ತಾಳೆ ಎಂದು ಆ ಗ್ರೌಂಡಿನಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಗೆರೆಯ ಹತ್ತಿರ ಸ್ಟಿಕ್ ಎತ್ತಿದಳು. ಹೊರಗಿನಿಂದಲೇ ಎಂದು ನಾನು ಕೈ ಇಳಿಸಿ ಬಿಟ್ಟುಬಿಟ್ಟೆ. ಆದರೆ ಅವಳು ಸ್ಟಿಕ್ ಎತ್ತಿಕೊಂಡೇ ಇನ್ನೆರಡು ಹೆಜ್ಜೆ ಒಳಗೆ ಬಂದು ಹೊಡೆದಳು. ಗೋಲು. ಒಂದು ಸೊನ್ನೆ. ನಮ್ಮ ತಂಡದವರು "ಅಮ್ಮನ್ನ ಗೆಲ್ಸೋಕೆ ಬೇಕಂತಾನೇ ಬಿಟ್ಟೆ" ಎಂದು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬೇಕೆಂದು ಬಿಡುವಷ್ಟು ಒಳ್ಳೆಯವಳಲ್ಲ ನಾನು. ಅದು ನಿನಗಾದರೂ ಗೊತ್ತಿರಲಿ.

ನಿಮ್ಮ ವಲಯ ಉಳಿಯಿತು. ಹುಡುಗಿಯರು ನಿನ್ನನ್ನು ಎತ್ತಿಕೊಂಡು ಕುಣಿದರು. ನೀನು ಅಳುತ್ತಿದ್ದೆ. ಸಂಜೆ ರೈಲಿಗೆ ಹೊರಟು ಹೋದೆ.

ಕ್ಷಮಿಸದಿದ್ದರೆ ಬೇಡ. ಆದರೆ ಕ್ಷಮೆ ಕೇಳಿದವಳ ಹತ್ತಿರ ಬಂದು ಆಗುವುದಿಲ್ಲ ಎಂದಾದರೂ ಹೇಳಬಹುದಿತ್ತು.

ಸಮನ್ವಿತಾ


ಕರಿಗುಡ್ಡದೊಡ್ಡಿ
17 ಜನವರಿ 2026

ನನ್ನ ಬಂಗಾರ,

ಇವತ್ತು ಬೆಳಿಗ್ಗೆ ನಿನ್ನ ಜನವರಿಯ ಕಾಗದ ಬಂತು. ಓದಿದೆ, ತಲೆಬುಡ ತಿಳಿಯಲಿಲ್ಲ. ಯಾವ ಕಾಗದ, ಯಾವ ಕ್ಷಮೆ? ಹೆಡ್‌ಮಾಸ್ಟರ್ ಹತ್ತಿರ ಓಡಿದೆ. ಚನ್ನಬಸವಯ್ಯನವರು ಹಣೆ ಹಣೆ ಬಡಿದುಕೊಂಡರು. ಡಿಸೆಂಬರ್ ಮೂವತ್ತರಂದೇ ನಿನ್ನ ಕಾಗದ ಬಂದಿತ್ತಂತೆ. ಅವತ್ತು ನಾನು ಮಕ್ಕಳ ವಯಸ್ಸಿನ ದಾಖಲೆಗೆಂದು ದೇವದುರ್ಗಕ್ಕೆ ಹೋಗಿದ್ದೆ. ಮೇಡಂ ಮಗಳ ಕಾಗದ, ಕಳೆಯಬಾರದು ಎಂದು ಬೀರುವಿನಲ್ಲಿ ಜೋಪಾನವಾಗಿ ಇಟ್ಟು ಬೀಗ ಹಾಕಿದ್ದರು. ನಮ್ಮನ್ನು ಕಳಿಸಿಕೊಡುವ ಗಡಿಬಿಡಿಯಲ್ಲಿ ಮರೆತಿದ್ದರು. ಅವರ ಎದುರೇ ನಿಂತು ಓದಿದೆ.

ಆದದ್ದು ಹೇಳುತ್ತೇನೆ. ಮೊದಲ ದಿನ ನಮ್ಮ ಮೂರು ಗೋಲು ರದ್ದಾದಾಗ ಪಂದ್ಯ ಮುಗಿದ ಮೇಲೆ ಡಿ ಒಳಗೆ ಹೆಜ್ಜೆ ಹಾಕಿ ನೋಡಿದೆ. ನಮ್ಮದಕ್ಕಿಂತ ಎರಡು ಹೆಜ್ಜೆ ಚಿಕ್ಕದಿತ್ತು, ನನ್ನ ಕಾಲು ಹೇಳಿದ್ದೇ ಸರಿ. ಮರುದಿನ ಅತ್ತೆ ಬಂದಾಗ ಹಗ್ಗದ ಬಗ್ಗೆ ಕೇಳಿದೆ. "ಅಯ್ಯೋ, ನಾನೇ ಒಂದು ತುಂಡು ಸೇರಿಸಿದ್ನಲ್ಲವ್ವ. ನಿನ್ ಮಗಳೇ ಗಂಟು ಬಿಗಿ ಮಾಡ್ಕೊಟ್ಟಿದ್ದು" ಅಂದರು. ಅವರ ಹಿಂದೆ ದೂರದಲ್ಲಿ, ಗೇಟಿನ ಹತ್ತಿರ ನೀನು ನಿಂತಿದ್ದೆ. ನನ್ನ ಮಗಳು ಬೇಕೆಂದೇ ಸುಳ್ಳು ಬರೆದಳು, ಈ ಮಕ್ಕಳ ಕಣ್ಣೀರು ನೋಡಿಯೂ ಸುಮ್ಮನೆ ನಿಂತಿದ್ದಾಳೆ ಅಂದುಕೊಂಡೆ. ಬಾಯಿ ತೆರೆದರೆ ಏನು ಅಂದುಬಿಡುತ್ತೇನೋ ಎಂದು ಒಳಗೆ ಹೋದೆ. ಅವತ್ತಿನಿಂದ ನಾಲ್ಕು ದಿನ ಡಾರ್ಮಿಟರಿಯ ವರಾಂಡದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಇನ್ನೆರಡು ಹೆಜ್ಜೆ, ಇನ್ನೆರಡು ಹೆಜ್ಜೆ ಎಂದು ಶಿವವ್ವನನ್ನು ಓಡಿಸಿದೆ. ಸಿಟ್ಟಿನಲ್ಲೇ ಓಡಿಸಿದೆ.

ಗೆದ್ದಾಗ ನಾನು ಅತ್ತದ್ದು ಸಂತೋಷಕ್ಕೆ ಎಂದು ಎಲ್ಲರೂ ಅಂದುಕೊಂಡರು. ಅವರು ನನ್ನನ್ನು ಎತ್ತಿಕೊಂಡಾಗ ನನಗೆ ಕಂಡದ್ದು ನೀನೊಬ್ಬಳೇ. ಗೋಲಿನ ಎದುರು ಒಬ್ಬಳೇ ಹೆಲ್ಮೆಟ್ ತೆಗೆಯದೆ ನಿಂತಿದ್ದೆ. ನಿನ್ನ ಜೊತೆಯವರು ಒಬ್ಬರೂ ಹತ್ತಿರ ಬರಲಿಲ್ಲ. ಇಳಿದು ನಿನ್ನ ಹತ್ತಿರ ಓಡಬೇಕು ಅನ್ನಿಸಿತು. ಸಿಟ್ಟು ಬಿಡಲಿಲ್ಲ.

ಆರು ದಿನ ನಿನ್ನ ಊರಿನಲ್ಲೇ ಇದ್ದೆ ಸಮ್ಮು. ಕತ್ತರಿಸಿದ ಕೂದಲಿನಲ್ಲಿ ನಿನ್ನ ಮುಖ ಎಷ್ಟು ದೊಡ್ಡವಳದಾಗಿದೆ ಎಂದು ದೂರದಿಂದಲೇ ನೋಡಿದೆ. ಒಂದು ಮಾತಿಗಾಗಿ ನೀನು ಕಾಯುತ್ತಿದ್ದೆ, ನನಗೆ ತಿಳಿಯಲಿಲ್ಲ. ನಿಜ ಹೇಳಿದರೆ ನಾನು ಇನ್ನೊಂದು ವರ್ಷ ಬರುವುದಿಲ್ಲ ಎಂದು ಗೊತ್ತಿದ್ದೂ ಹೇಳಿದ್ದೀಯ. ಹದಿನಾಲ್ಕು ವರ್ಷಕ್ಕೆ ನನಗೆ ಅದು ಆಗುತ್ತಿರಲಿಲ್ಲ. ಈಗಲೂ ಆಗುತ್ತದೋ ಇಲ್ಲವೋ.

ಇದನ್ನು ಅಂಚೆಗೆ ಹಾಕುವುದಿಲ್ಲ. ಮಧ್ಯಾಹ್ನದ ಬಸ್ಸಿಗೆ ನಾನೇ ಹೊರಟಿದ್ದೇನೆ, ನಾಳೆ ಬೆಳಿಗ್ಗೆ ಸಾರಕ್ಕಿಯಲ್ಲಿರುತ್ತೇನೆ. ಸೋಮವಾರ ಸಂಜೆ ಮತ್ತೆ ಇಲ್ಲಿಗೆ ಹೊರಡಲೇಬೇಕು. ಹದಿನಾರು ಮಕ್ಕಳಿಗೆ ಮಾತು ಕೊಟ್ಟಾಗಿದೆ. ಬರುವುದೂ ಒಂದೇ, ಬರದಿರುವುದೂ ಒಂದೇ ಎಂದು ನೀನು ಬೈಯುತ್ತೀಯ. ಬೈ. ಎದುರಿಗೆ ನಿಂತು ಬೈ. ಕೂಗಾಡು. ಎರಡು ದಿನವೂ ಬೈಯುತ್ತಿರು, ನಾನು ಎಲ್ಲಿಗೂ ಎದ್ದು ಹೋಗುವುದಿಲ್ಲ.

ನಿನ್ನ ಅಮ್ಮ